ವಾದ್ಯವೃಂದ ಕೃತಿಗಳ ಪಿಯಾನೊ ರೂಪಾಂತರ

ಅನೇಕ ವಾದ್ಯಗಳ ಮೇಳಕ್ಕೆಂದು ರಚಿತವಾದ ಸಿಂಫನಿ, ಗೀತನಾಟಕದ ಪೂರ್ವರಂಗ, ನೃತ್ಯನಾಟಕದ ಸಂಗೀತ ಮೊದಲಾದುವನ್ನು ಒಬ್ಬನೇ ವಾದಕನು ಒಂದೇ ಪಿಯಾನೊದ ಮೇಲೆ ನುಡಿಸಲು ಅನುವಾಗುವಂತೆ ಮರಳಿ ಬರೆಯುವ ಕಲೆ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಇದು ಅಗತ್ಯದಿಂದ ಹುಟ್ಟಿತು. ಪೂರ್ಣಪ್ರಮಾಣದ ವಾದ್ಯವೃಂದವು ರಾಜಧಾನಿಗಳಲ್ಲಿಯೂ ಕೆಲವು ಸಿರಿವಂತ ಪಟ್ಟಣಗಳಲ್ಲಿಯೂ ಮಾತ್ರ ಇದ್ದುದರಿಂದ, ದೂರದ ಊರಿನ ಸಂಗೀತಪ್ರಿಯನಿಗೆ ಬೀಥೋವನನ ಸಿಂಫನಿಯೊಂದನ್ನು ಮೂಲರೂಪದಲ್ಲಿ ಕೇಳುವ ಅವಕಾಶ ಜೀವಮಾನದಲ್ಲಿ ಕೆಲವೇ ಸಲ ಒದಗುತ್ತಿತ್ತು. ಪಿಯಾನೊ ಆದರೋ ಮಧ್ಯಮವರ್ಗದವರ ಮನೆಮನೆಯಲ್ಲಿಯೂ ಇತ್ತು. ಪ್ರಕಾಶಕರು ಇಂಥ ಕೃತಿಗಳನ್ನು ಇಬ್ಬರು ಅಕ್ಕಪಕ್ಕ ಕುಳಿತು ನಾಲ್ಕು ಕೈಗಳಿಂದ ನುಡಿಸುವಂತೆ ಅಳವಡಿಸಿ ಮಾರುತ್ತಿದ್ದರು. ಅವು ಕೃತಿಯ ಪರಿಚಯಕ್ಕೆ ಸಾಕಾಗುತ್ತಿದ್ದುವು. ಅದಕ್ಕಿಂತ ಹೆಚ್ಚಿನದನ್ನು ಅವುಗಳಿಂದ ಯಾರೂ ಬಯಸುತ್ತಿರಲಿಲ್ಲ. ಈ ವ್ಯಾಪಾರದ ಸರಕನ್ನು ಕಲೆಯ ಮಟ್ಟಕ್ಕೆ ಏರಿಸಿದವನು ಹಂಗೆರಿಯ ಫ್ರಾನ್ಸ್ ಲಿಸ್ಟ್ (1811-1886).

ಫ್ರಾನ್ಸಿನ ಹೆಕ್ಟರ್ ಬರ್ಲಿಯೋಜನ ‘ಸಿಂಫನಿ ಫಾಂತಾಸ್ತಿಕ್’ ಪ್ಯಾರಿಸಿನಲ್ಲಿ ಮೊದಲು ನುಡಿದದ್ದು 1830ರ ಡಿಸೆಂಬರ್ 5ರಂದು. ಅದರ ಹಿಂದಿನ ದಿನವಷ್ಟೆ ಬರ್ಲಿಯೋಜನ ಪರಿಚಯವಾಗಿದ್ದ ಲಿಸ್ಟನು, ಮೂರು ವರ್ಷಗಳ ತರುವಾಯ ಆ ಕೃತಿಯನ್ನು ಇಡಿಯಾಗಿ ಪಿಯಾನೊಗೆ ಇಳಿಸಿ, 1834ರಲ್ಲಿ ತನ್ನ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದನು. ಮೂಲಕೃತಿಯ ಸ್ವರಲಿಪಿಯು ಮುದ್ರಣಗೊಂಡದ್ದು 1845ರಲ್ಲಿ. ಅಲ್ಲಿಯವರೆಗೆ, ಹನ್ನೊಂದು ವರ್ಷ ಕಾಲ, ಓದಬಯಸುವವರಿಗೆ ಅಚ್ಚಿನಲ್ಲಿ ಸಿಕ್ಕುತ್ತಿದ್ದುದು ಲಿಸ್ಟನ ರೂಪಾಂತರವೊಂದೇ. ರಾಬರ್ಟ್ ಶೂಮನ್ನನು 1835ರಲ್ಲಿ ತನ್ನ ಪತ್ರಿಕೆಯಲ್ಲಿ ಬರ್ಲಿಯೋಜನನ್ನು ಕುರಿತು ಬರೆದ ಸುಪ್ರಸಿದ್ಧ ವಿಮರ್ಶೆಗೆ ಆಧಾರವಾದದ್ದೂ ಈ ಪಿಯಾನೊ ಪುಸ್ತಕವೇ ಹೊರತು ಮೂಲವಲ್ಲ. 1836ರ ಕಚೇರಿಯೊಂದರಲ್ಲಿ ಬರ್ಲಿಯೋಜನ ನಿರ್ದೇಶನದಲ್ಲಿ ವಾದ್ಯವೃಂದವು ಈ ಸಿಂಫನಿಯ ವಧಾಸ್ಥಾನದ ನಡಿಗೆಯನ್ನು ನುಡಿಸಿ ಮುಗಿಸಿದ ಕೂಡಲೆ, ಲಿಸ್ಟನು ಪಿಯಾನೊದ ಮುಂದೆ ಕುಳಿತು ಅದೇ ಭಾಗವನ್ನು ಒಬ್ಬನೇ ನುಡಿಸಿದನೆಂದೂ, ಅದರ ಪರಿಣಾಮ ಇಡೀ ಮೇಳವನ್ನೂ ಮೀರಿತೆಂದೂ ಚಾರ್ಲ್ಸ್ ಹ್ಯಾಲೆ ಎಂಬ ಪಿಯಾನೊ ವಿದ್ವಾಂಸನು ತನ್ನ ಸ್ಮೃತಿಗಳಲ್ಲಿ ಬರೆದಿದ್ದಾನೆ. ಅಭಿಮಾನಿಯ ಮಾತೆಂದು ಸ್ವಲ್ಪ ಕಳೆದರೂ ಅದರಲ್ಲಿ ಬೇಕಾದಷ್ಟು ಉಳಿಯುತ್ತದೆ.

ಬೀಥೋವನನ ಒಂಬತ್ತು ಸಿಂಫನಿಗಳ ರೂಪಾಂತರವು ಲಿಸ್ಟನ ಈ ಬಗೆಯ ಕಾರ್ಯದ ಶಿಖರ. 1837ರ ಸುಮಾರಿಗೆ ಐದು, ಆರು ಮತ್ತು ಏಳನೆಯ ಸಿಂಫನಿಗಳನ್ನು ಕೈಗೆತ್ತಿಕೊಂಡ ಆತನು, 1863ರಲ್ಲಿ ಲೈಪ್‌ಜಿಗ್‌ನ ಬ್ರೈಟ್‌ಕಾಫ್ ಮತ್ತು ಹೆರ್ಟೆಲ್ ಸಂಸ್ಥೆಯವರು ಕೇಳಿಕೊಂಡ ಮೇಲೆ, ಹಳೆಯವನ್ನು ತಿದ್ದಿ, ಉಳಿದವನ್ನು ಬರೆದು, 1865ರ ವೇಳೆಗೆ ಒಂಬತ್ತನ್ನೂ ಪೂರೈಸಿ ಹಾನ್ಸ್ ಫಾನ್ ಬ್ಯೂಲೋಗೆ ಅರ್ಪಿಸಿದನು. ಆಗ ಅವನು ರೋಮಿನಲ್ಲಿದ್ದನು. ಕಚೇರಿಗಳ ಅಬ್ಬರದಿಂದ ನಿವೃತ್ತನಾಗಿದ್ದನು. ತಾರುಣ್ಯದಲ್ಲಿ ಬರೆದುದನ್ನು ಐವತ್ತು ದಾಟಿದ ಮೇಲೆ ತಿದ್ದುವಾಗ ಅವನು ಸೇರಿಸಿದ್ದಕ್ಕಿಂತ ಕಳೆದದ್ದು ಹೆಚ್ಚು. ಕೈಚಳಕದ ಕಗ್ಗಂಟುಗಳನ್ನು ಬಿಡಿಸಿ ಹಲವೆಡೆ ಸರಳಗೊಳಿಸಿದನು. ಒಂಬತ್ತನೆಯದನ್ನು ಮಾತ್ರ, ಅದಕ್ಕೆ ಮೊದಲೇ ಎರಡು ಪಿಯಾನೊಗಳಿಗೆ ಅಳವಡಿಸಿದ್ದವನು, ಎರಡೇ ಕೈಗಳಿಗೆ ಇಳಿಸಲು ಕುಳಿತಾಗ, ಗಾಯಕವೃಂದವೂ ಸೇರುವ ಅದರ ಅಂತ್ಯಭಾಗವು ತನ್ನಿಂದಾಗದೆಂದು ಕೈಚೆಲ್ಲಿದ್ದನು. ಪ್ರಕಾಶಕರು ಬಿಡಲಿಲ್ಲ. ಕೊನೆಗೆ ಗಾಯಕರ ಪಾಠವನ್ನು ಬೇರೆ ಸಾಲುಗಳಲ್ಲಿ ಮೇಲ್ಗಡೆ ತೋರಿಸಿ, ಅದರ ಕೆಳಗೆ ಪಿಯಾನೊದ ಭಾಗವನ್ನು ಬರೆದುಕೊಟ್ಟನು.

ಪಿಯಾನೊದ ಸ್ವರವು ಸುತ್ತಿಗೆ ತಂತಿಗೆ ತಗುಲಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಪಿಟೀಲಿನ ಕಮಾನಿನಂತೆ, ಕೊಳಲಿನ ಉಸಿರಿನಂತೆ, ನುಡಿದ ಸ್ವರವನ್ನು ಹಿಗ್ಗಿಸುವ ಉಪಾಯ ಅದಕ್ಕಿಲ್ಲ. ಆದಕಾರಣ ತಂತಿವಾದ್ಯಗಳ ದೀರ್ಘಸ್ವರವನ್ನು ಲಿಸ್ಟನು ಅತಿವೇಗದ ಕಂಪನವನ್ನಾಗಿ ಒಡೆಯುತ್ತಾನೆ. ಮಂದ್ರದ ಸ್ವರವನ್ನು ಪೆಡಲಿನಿಂದ ಹಿಡಿದು ನಿಲ್ಲಿಸಿ, ಆ ಕೈಯನ್ನು ಬೇರೊಂದೆಡೆಗೆ ಹಾರಿಸುತ್ತಾನೆ. ನಡುವಣ ಸ್ಥಾಯಿಯ ರಾಗಪಂಕ್ತಿಯನ್ನು ಎರಡೂ ಹೆಬ್ಬೆರಳುಗಳಿಗೆ ಹಂಚುತ್ತಾನೆ. ಸ್ವರಗಳ ಪಕ್ಕದಲ್ಲಿ ಆಯಾ ವಾದ್ಯದ ಹೆಸರನ್ನು ಬರೆದು, ಯಾವ ದನಿಯನ್ನು ಅನುಕರಿಸಬೇಕೆಂದು ಬೆರಳಿಗೆ ತಿಳಿಸುತ್ತಾನೆ. ಆರನೆಯ ಸಿಂಫನಿಯ ಎರಡನೆಯ ಭಾಗದ ಕೊನೆಯಲ್ಲಿ ಬೀಥೋವನನು ಕೊಳಲಿಗೆ ನೈಟಿಂಗೇಲ್ ಹಕ್ಕಿಯನ್ನೂ, ಓಬೋ ವಾದ್ಯಕ್ಕೆ ಲಾವುಗೆಯನ್ನೂ, ಕ್ಲಾರಿನೆಟ್‌ಗೆ ಕೋಗಿಲೆಯನ್ನೂ ಒಪ್ಪಿಸಿದ್ದಾನೆ. ಎರಡು ಕೈಗಳಲ್ಲಿ ಈ ಮೂರು ಹಕ್ಕಿಗಳನ್ನು ಒಂದರಿಂದೊಂದು ಬೇರೆಯೆಂದು ತೋರುವಂತೆ ಕೂಗಿಸಬಲ್ಲವನೇ ಈ ಕೃತಿಗಳಿಗೆ ಅಧಿಕಾರಿ.

ಲಿಸ್ಟನ ತರುವಾಯ ದಾರಿ ಹಲವಾಗಿ ಕವಲೊಡೆಯಿತು. ಸ್ಟ್ರಾವಿನ್‌ಸ್ಕಿಯು 1921ರಲ್ಲಿ ತನ್ನದೇ ‘ಪೆಟ್ರುಷ್ಕ’ದ ಮೂರು ಭಾಗಗಳನ್ನು ಆರ್ಥರ್ ರೂಬಿನ್‌ಸ್ಟೈನನಿಗಾಗಿ ಪಿಯಾನೊಗೆ ಬರೆದನು, ರಾಖ್ಮಾನಿನಾಫನು 1933ರಲ್ಲಿ ಮೆಂಡಲ್ಸನ್ನನ ಸ್ಕೆರ್ಟ್ಸೊವೊಂದನ್ನು ಅಳವಡಿಸಿದನು. ಮುಸೋರ್ಗ್‌ಸ್ಕಿಯ ಪಿಯಾನೊ ಕೃತಿಯೊಂದನ್ನು ರಾವೆಲ್ಲನು 1922ರಲ್ಲಿ ವಾದ್ಯವೃಂದಕ್ಕೆ ಏರಿಸಿದ್ದು ಇದೇ ದಾರಿಯ ಹಿಮ್ಮುಖ ಪಯಣ. ಅಷ್ಟರಲ್ಲಿ ಗ್ರಾಮಫೋನ್ ಬಂದಿತ್ತು. 1913ರಲ್ಲಿ ನಿಕಿಷ್‌ನ ನಿರ್ದೇಶನದಲ್ಲಿ ಬೀಥೋವನನ ಐದನೆಯ ಸಿಂಫನಿ ಇಡಿಯಾಗಿ ತಟ್ಟೆಗಳಿಗೆ ಇಳಿದ ಮೇಲೆ, ಪರಿಚಯಕ್ಕಾಗಿ ರೂಪಾಂತರವನ್ನು ನೆಚ್ಚುವ ಕಾಲ ಕ್ರಮೇಣ ಮುಗಿಯಿತು.

ಕರ್ಣಾಟಕದಲ್ಲಿ ಈ ವಿಷಯಕ್ಕೆ ಅತ್ಯಂತ ಸಮೀಪವಾದದ್ದು ಮೈಸೂರು ಅರಮನೆಯ ಇತಿಹಾಸ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಲ್ಲಿ ಕರ್ಣಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎರಡೂ ಇದ್ದುವು. ಜರ್ಮನಿಯ ಆಟೋ ಷ್ಮಿಟ್ ಪಾಶ್ಚಾತ್ಯ ಸಂಗೀತದ ನಿರ್ದೇಶಕನಾಗಿದ್ದನು. ನಮ್ಮ ಕೃತಿಗಳನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದು ಮೇಳಕ್ಕೆ ಹೊಂದಿಸುವ ಪ್ರಯತ್ನಗಳು ನಡೆದುವು. ಲಿಸ್ಟನು ಬಹುವನ್ನು ಏಕಕ್ಕೆ ಇಳಿಸಿದರೆ, ಇಲ್ಲಿ ಏಕವನ್ನು ಬಹುವಿಗೆ ಹಂಚಬೇಕಾಗಿತ್ತು. ಗಮಕವು ಅಲ್ಲಿ ಎಷ್ಟೋ ಕಡೆ ಸೋತಿರಬೇಕು. ಸ್ಥಿರಸ್ವರದ ವಾದ್ಯಗಳಲ್ಲಿ ಅದಕ್ಕೆ ನೆಲೆಯೇ ಇಲ್ಲ.

ನಾಲ್ವಡಿಯವರ ಉತ್ತರಾಧಿಕಾರಿಗಳಾದ ಜಯಚಾಮರಾಜೇಂದ್ರ ಒಡೆಯರು (1919-1974) ಸ್ವತಃ ಪಿಯಾನೊ ವಾದಕರು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವೀಧರರು. ಕಚೇರಿಯ ವಾದಕರಾಗಬೇಕೆಂಬ ಅವರ ಹಂಬಲವು 1940ರಲ್ಲಿ ಸಿಂಹಾಸನವನ್ನೇರಿದಾಗ ಹಿಂದೆ ಸರಿಯಿತು. ವಾದ್ಯವೃಂದಗಳ ನಾಡಿನಿಂದ ಸಹಸ್ರಾರು ಮೈಲಿ ದೂರದಲ್ಲಿದ್ದ ಅವರಿಗೆ ಆ ಸಂಗೀತ ದೊರೆತದ್ದು ಬಹುಮಟ್ಟಿಗೆ ತಟ್ಟೆಗಳ ಮೂಲಕ. ಅರಮನೆಗೆ ಬಂದ ಧ್ವನಿಮುದ್ರಣತಜ್ಞ ವಾಲ್ಟರ್ ಲೆಗ್ ಅಲ್ಲಿಯ ತಟ್ಟೆಗಳ ಭಂಡಾರವನ್ನೂ ಹಲವು ಗ್ರ್ಯಾಂಡ್ ಪಿಯಾನೊಗಳನ್ನೂ ಕಂಡು ಬೆರಗಾದನು. ರಷ್ಯದ ನಿಕೊಲಾಯ್ ಮೆಟ್ನರನು ಬಡತನದಲ್ಲಿ ಲಂಡನ್ನಿನಲ್ಲಿದ್ದಾಗ, ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಲು ಮಹಾರಾಜರು ಧನಸಹಾಯ ನೀಡಿದರು. ಅವನು ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದನು. ಫಿಲ್‌ಹಾರ್ಮೊನಿಯ ವಾದ್ಯವೃಂದಕ್ಕೂ ಅವರ ನೆರವು ಸಂದಿತು. ಇದೇ ಒಡೆಯರು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕರ್ಣಾಟಕ ಕೃತಿಗಳನ್ನು ರಚಿಸಿದರೆಂಬುದನ್ನು ಇಲ್ಲಿ ನೆನೆಯಬೇಕು.

ಅಗತ್ಯ ತೀರಿದ ಮೇಲೂ ಕಲೆ ಉಳಿಯಿತು. ಕೆನಡದ ಗ್ಲೆನ್ ಗೂಲ್ಡನು ಲಿಸ್ಟನು ರೂಪಾಂತರಿಸಿದ ಐದನೆಯ ಸಿಂಫನಿಯನ್ನು ಧ್ವನಿಮುದ್ರಿಸಿದ್ದು 1960ರ ದಶಕದ ಕೊನೆಯಲ್ಲಿ. ಸಿಪ್ರಿಯನ್ ಕತ್ಸಾರಿಸ್ 1980ರ ದಶಕದಲ್ಲಿ ಒಂಬತ್ತನ್ನೂ ನುಡಿಸಿದನು. ಹೊಸದಾಗಿ ಆಲಿಸುವವರು ಆರನೆಯದರಿಂದ ಆರಂಭಿಸುವುದು ಲೇಸು. ಒಂಬತ್ತನೆಯದನ್ನು ಕೊನೆಗಿರಿಸಿಕೊಳ್ಳಬೇಕು, ಅದರ ಅಂತ್ಯಭಾಗವು ಲಿಸ್ಟನೇ ಶಂಕಿಸಿದಂತೆ ಪಿಯಾನೊಗೆ ಪೂರ್ತಿಯಾಗಿ ಒಗ್ಗಿಲ್ಲ.