ಇಂಟರ್‌ಫೇಸ್ ಪೇಟೆಂಟ್ ಮತ್ತು ಆವಿಷ್ಕಾರದ ಹೆಜ್ಜೆ

ತಂತ್ರಾಂಶದ ಪರದೆ, ಗುಂಡಿ, ಕೀಲಿಮಣೆಗಳ ಬಳಕೆಯ ವಿಧಾನಕ್ಕೆ ಪೇಟೆಂಟ್ ಕೇಳಿದಾಗ, ಅದೇ ಕೆಲಸದಲ್ಲಿ ಪಳಗಿದ ಸಾಮಾನ್ಯ ತಂತ್ರಜ್ಞನಿಗೆ ಅದು ಅರ್ಜಿಯ ದಿನಕ್ಕಿಂತ ಮೊದಲೇ ಸಲೀಸಾಗಿ ಹೊಳೆಯುತ್ತಿತ್ತೇ ಎಂದು ನೋಡುತ್ತಾರೆ. ಭಾರತದ ಪೇಟೆಂಟ್ ಕಾಯ್ದೆ 1970ರ 2(1)(ಜೆಎ) ಕಲಮು ಹಾಗೆ ಸಲೀಸಾಗಿ ಹೊಳೆಯದ ಅಂಶವನ್ನು ಆವಿಷ್ಕಾರದ ಹೆಜ್ಜೆ ಎನ್ನುತ್ತದೆ. ಬರಿಯ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲವೆನ್ನುವ 3(ಕೆ) ಕಲಮು ಬೇರೆಯೇ ಅಡ್ಡಿ; ಎರಡನ್ನೂ ಬೆರೆಸಿ ವಾದಿಸುವುದು ರೂಢಿಯಾಗಿಬಿಟ್ಟಿದೆ. ಬೆಂಗಳೂರಿನ ಮೂಡಲಪಾಳ್ಯದ ಸಣ್ಣ ಕಂಪನಿ ಸಲ್ಲಿಸುವ ಅರ್ಜಿಯೂ ಚೆನ್ನೈನ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ.

ಈ ಪರೀಕ್ಷೆಯ ದೇಶೀ ಬೇರು ಪಾತ್ರೆ ತಯಾರಿಕೆಯಲ್ಲಿದೆ. ಲೇತಿನಲ್ಲಿ ಪಾತ್ರೆಯನ್ನು ಹಿಡಿದಿಡುವ ಸಾಧನದ ಪೇಟೆಂಟನ್ನು 1978ರ ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಾರ್ಖಾನೆಯಲ್ಲಿ ಯಾರಾದರೂ ಮಾಡಿಕೊಳ್ಳುವ ಸುಧಾರಣೆ ಸಾಲದೆಂದಿತು. ಉತ್ತರ ಕಂಡ ಮೇಲೆ ಎಲ್ಲವೂ ಸುಲಭವೆನಿಸುವ ಅಪಾಯವನ್ನು ದೂರವಿಡಬೇಕೆಂದು 2015ರಲ್ಲಿ ದೆಹಲಿ ಹೈಕೋರ್ಟ್ ರೋಶ್–ಸಿಪ್ಲಾ ತೀರ್ಪಿನಲ್ಲಿ ಹೇಳಿತು.

ಹೇಳುವಷ್ಟು ಸುಲಭವಲ್ಲ ಅದು. ಬೆರಳು ಜಾರಿಸಿ ಫೋನಿನ ಬೀಗ ತೆಗೆಯುವ ಆ್ಯಪಲ್ ಪೇಟೆಂಟನ್ನೇ ನೋಡಿ. ಸ್ವೀಡನ್ನಿನ ನಿಯೋನೋಡ್ ಫೋನಿನಲ್ಲಿ ಪರದೆಯ ಮೇಲೆ ಬೆರಳೆಳೆದು ಬೀಗ ತೆಗೆಯುವುದು ಮೊದಲೇ ಇತ್ತು. ಬೆರಳಿನ ಜೊತೆಗೆ ಸರಿಯುವ ಚಿತ್ರ ಮಾತ್ರ ಇರಲಿಲ್ಲ. ಆ ಚಿತ್ರವನ್ನು ಸೇರಿಸುವುದು ಯಾರಿಗಾದರೂ ಹೊಳೆಯುತ್ತಿತ್ತೆಂದು 2012ರಲ್ಲಿ ಇಂಗ್ಲೆಂಡಿನ ಹೈಕೋರ್ಟ್, 2015ರಲ್ಲಿ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ ತೀರ್ಮಾನಿಸಿದವು. ಅಮೆರಿಕದಲ್ಲಿ ನಿಯೋನೋಡ್ ಜೊತೆಗೆ, ಗೋಡೆಯ ಟಚ್‌ಸ್ಕ್ರೀನಿನ ಜಾರುಗುಂಡಿಗಳ ಬಗೆಗಿನ 1992ರ ದಾಖಲೆಯನ್ನೂ ಮುಂದಿಟ್ಟರು. ಆದರೂ ಪೇಟೆಂಟ್ ಊರ್ಜಿತವೆಂಬ ಜ್ಯೂರಿಯ ನಿರ್ಣಯವನ್ನು ಫೆಡರಲ್ ಸರ್ಕ್ಯೂಟಿನ ಪೂರ್ಣಪೀಠ 2016ರ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು. ಆ್ಯಪಲ್ ತನ್ನ ಫೋನನ್ನು ಪ್ರದರ್ಶಿಸಿದ ದಿನ ಸಭಿಕರು ಹರ್ಷೋದ್ಗಾರ ಮಾಡಿದ್ದೂ ಅಲ್ಲಿ ಸಾಕ್ಷ್ಯವಾಯಿತು. ಚಪ್ಪಾಳೆ ಚಿತ್ರಕ್ಕೋ ಫೋನಿಗೋ ಎಂದು ಬಿಡಿಸಿ ಹೇಳುವುದು ಕಷ್ಟ; ಯುರೋಪಿನ ತರ್ಕವೇ ಗಟ್ಟಿ.

ಕನ್ನಡದಲ್ಲಿ ಇಂಥ ಅರ್ಜಿ ಬಂದರೆ ಮೊದಲು ತೆರೆಯಬೇಕಾದದ್ದು ಕೆ.ಪಿ. ರಾವ್ ಅವರ ಕೀಲಿವಿನ್ಯಾಸ. ಅದನ್ನು ಬಳಸುವ ‘ನುಡಿ’ ತಂತ್ರಾಂಶದಲ್ಲಿ ‘ಐ’ ಕೀಲಿ ಒಂಟಿಯಾಗಿ ಒತ್ತಿದರೆ ಇ, ‘ಕೆ’ಯ ನಂತರ ಒತ್ತಿದರೆ ಕಿ, ಎರಡು ವ್ಯಂಜನಗಳ ನಡುವೆ ‘ಎಫ್’ ಒತ್ತಿದರೆ ಒತ್ತಕ್ಷರ. ಇದನ್ನೇ ಟಚ್‌ಸ್ಕ್ರೀನಿಗೆ ಇಳಿಸಿ ಹಕ್ಕು ಕೇಳಿದರೆ ಹೆಜ್ಜೆ ಮುಂದೆ ಹೋದಂತಲ್ಲ. ಕಿರುಪರದೆಯಲ್ಲಿ ಬೆರಳು ತಪ್ಪಿದ್ದನ್ನು ಗುಣಿತಾಕ್ಷರದ ರಚನೆಯಿಂದಲೇ ಊಹಿಸಿ ಸರಿಪಡಿಸುವ ವಿಧಾನವಾದರೆ ವಾದಕ್ಕೆ ಜಾಗವಿದೆ. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮುನ್ನ, 25(1) ಕಲಮಿನಡಿ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಅದಕ್ಕೆ ತಾರೀಖು ನಮೂದಾಗಿರುವ ಹಳೆಯ ಕೈಪಿಡಿ, ಹಳೆಯ ಆವೃತ್ತಿಗಳೇ ಆಧಾರ.