ಕುಲುಮೆಯಿಂದ ನಕಾಶೆಗೆ: ವಾಹನೋದ್ಯಮದಲ್ಲಿ ಚಕ್ರೀಯ ಅರ್ಥವ್ಯವಸ್ಥೆಯ ವಿಕಾಸ

ಮೋಟಾರು ವಾಹನದ ಜನನವನ್ನು ಕುರಿತು ಬರೆದ ಗ್ರಂಥಗಳು ಹೇರಳವಾಗಿವೆ. ಅದರ ಅಂತ್ಯವನ್ನು ಕುರಿತವು ವಿರಳ. ಉಕ್ಕು, ಅಲ್ಯೂಮಿನಿಯಂ, ತಾಮ್ರ, ಗಾಜು, ರಬ್ಬರು, ಪ್ಲಾಸ್ಟಿಕ್ಕುಗಳು ಒಂದರೊಳಗೊಂದು ಹೆಣೆದುಕೊಂಡು ಒಂದು ಟನ್ನಿಗೂ ಮಿಗಿಲಾಗಿ ತೂಗುವ ಈ ಯಂತ್ರವು ಹದಿನೈದಿಪ್ಪತ್ತು ವರ್ಷಗಳ ಕಾಲ ಓಡಿ ನಿಂತ ಬಳಿಕ ಅದರ ಗತಿಯೇನೆಂಬ ಪ್ರಶ್ನೆಯು ಬಹುಕಾಲ ಗುಜರಿ ವ್ಯಾಪಾರಿಯದಾಗಿತ್ತೇ ಹೊರತು ಅದನ್ನು ತಯಾರಿಸಿದವನದಾಗಿರಲಿಲ್ಲ. ಇಂದು ಚಕ್ರೀಯ ಅರ್ಥವ್ಯವಸ್ಥೆಯೆಂಬ ಹೆಸರಿನಿಂದ ಪ್ರಸಿದ್ಧವಾಗಿರುವ ವಿಚಾರವು ಈ ಉದ್ಯಮದಲ್ಲಿ ಬೆಳೆದು ಬಂದ ಬಗೆಯನ್ನು ಪರಿಶೀಲಿಸಿದರೆ, ಅದು ಕಡೆಯಿಂದ ಮೊದಲಿಗೆ, ಎಂದರೆ ಕುಲುಮೆಯಿಂದ ಶಾಸನಕ್ಕೂ ಶಾಸನದಿಂದ ವಿನ್ಯಾಸಕಾರನ ನಕಾಶೆಗೂ, ಹಿಮ್ಮುಖವಾಗಿ ಸಾಗಿರುವುದು ಕಂಡುಬರುತ್ತದೆ.

ಹಳೆಯದನ್ನು ಬಿಚ್ಚಿ ಬಳಸುವ ಪದ್ಧತಿಯು ಹೊಸದೇನೂ ಅಲ್ಲ. 1930ರಲ್ಲಿ ಹೆನ್ರಿ ಫೋರ್ಡನು ಮಿಷಿಗನ್ನಿನ ರಿವರ್ ರೂಜ್ ಕಾರ್ಖಾನೆಯಲ್ಲಿ, ಕಾರುಗಳನ್ನು ಜೋಡಿಸುವ ಸಾಲಿನಂತೆಯೇ ಅವುಗಳನ್ನು ಬಿಚ್ಚುವ ಸಾಲೊಂದನ್ನೂ ಏರ್ಪಡಿಸಿ, ಉಪಯುಕ್ತವಾದುದನ್ನು ತೆಗೆದಿರಿಸಿ ಉಳಿದ ಕಬ್ಬಿಣವನ್ನು ತನ್ನ ಕುಲುಮೆಗಳಿಗೇ ಉಣಿಸಿದನು. ಯುದ್ಧಾನಂತರ ಸಾಮಗ್ರಿಗಳ ಅಭಾವವಿದ್ದ ಫ್ರಾನ್ಸಿನಲ್ಲಿ ರೆನೊ ಸಂಸ್ಥೆಯು 1949ರಲ್ಲಿ ಪ್ಯಾರಿಸಿನ ಬಳಿಯ ಶ್ವಾಜಿ-ಲ-ರ್ವಾ ಎಂಬಲ್ಲಿ ಸವೆದ ಎಂಜಿನ್ನುಗಳನ್ನು ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಬದಲಿಸಿ, ಪರೀಕ್ಷಿಸಿ ಮತ್ತೆ ಮಾರಾಟಕ್ಕೆ ಸಿದ್ಧಪಡಿಸುವ ಕಾರ್ಯವನ್ನು ಕೈಗೊಂಡಿತು. ಈ ಎರಡರಲ್ಲಿ ಮೊದಲನೆಯದು ಬಹುಮಟ್ಟಿಗೆ ಲೋಹವನ್ನು ಮಾತ್ರ ಉಳಿಸಿದರೆ, ಎರಡನೆಯದು ಲೋಹದೊಡನೆ ಅದರಲ್ಲಿ ವ್ಯಯವಾದ ಶ್ರಮವನ್ನೂ ಕೌಶಲವನ್ನೂ ಉಳಿಸುತ್ತದೆಂಬುದನ್ನು ವಾಚಕರು ಗಮನಿಸಬೇಕು. ಮುಂದಿನ ಚರಿತ್ರೆಯೆಲ್ಲ ಈ ಭೇದವನ್ನು ಮರೆತುದರ ಮತ್ತು ಮರಳಿ ನೆನೆದುದರ ಚರಿತ್ರೆಯೇ ಆಗಿದೆ.

ಕಬ್ಬಿಣದ ಬೆಲೆಯೊಂದನ್ನೇ ನೆಚ್ಚಿದ ವ್ಯವಸ್ಥೆಯು ಎಷ್ಟು ದುರ್ಬಲವೆಂಬುದು ಅಮೆರಿಕದಲ್ಲಿ ಬಹುಬೇಗ ಪ್ರಕಟವಾಯಿತು. ಹಳೆಯ ಲೋಹವನ್ನು ಧಾರಾಳವಾಗಿ ಸ್ವೀಕರಿಸುತ್ತಿದ್ದ ತೆರೆದ ಒಲೆಯ ಕುಲುಮೆಗಳ ಸ್ಥಾನವನ್ನು, ಅದನ್ನು ಅಷ್ಟಾಗಿ ಬೇಡದ ಆಮ್ಲಜನಕದ ಕುಲುಮೆಗಳು ಆಕ್ರಮಿಸತೊಡಗಿದಂತೆ, ಕೊಳ್ಳುವವರಿಲ್ಲದ ಮುದಿ ಕಾರುಗಳು ಬೀದಿಗಳಲ್ಲಿಯೂ ಹೆದ್ದಾರಿಗಳ ಅಂಚಿನಲ್ಲಿಯೂ ತುಕ್ಕು ಹಿಡಿಯುತ್ತ ಬಿದ್ದವು. 1965ರ ಹೆದ್ದಾರಿ ಸೌಂದರ್ಯ ಶಾಸನವು ಗುಜರಿ ಅಂಗಳಗಳನ್ನು ಪ್ರಯಾಣಿಕರ ದೃಷ್ಟಿಯಿಂದ ಮರೆಮಾಡಬೇಕೆಂದು ವಿಧಿಸಿತು. ಆದರೆ ಸಮಸ್ಯೆಯನ್ನು ನಿಜವಾಗಿ ಸಡಿಲಿಸಿದುದು ಯಂತ್ರ. ಟೆಕ್ಸಾಸಿನಲ್ಲಿ ಪ್ರೋಲರ್, ನ್ಯೂವೆಲ್ ಮೊದಲಾದವರು ಬೆಳೆಸಿದ ಶ್ರೆಡರ್ ಯಂತ್ರವು ಇಡೀ ಕಾರನ್ನು ಭಾರವಾದ ಸುತ್ತಿಗೆಗಳಿಂದ ಜಜ್ಜಿ ಚೂರು ಮಾಡಿ, ಅಯಸ್ಕಾಂತದಿಂದ ಕಬ್ಬಿಣವನ್ನು ಬೇರ್ಪಡಿಸಿಕೊಟ್ಟಿತು. ವಿದ್ಯುತ್ ಕುಲುಮೆಗಳು ಅದನ್ನು ಕರಗಿಸಿಕೊಂಡವು.

ಉಳಿದುದು ಕಸ. ಕಾರಿನ ತೂಕದಲ್ಲಿ ಸುಮಾರು ನಾಲ್ಕನೆಯ ಅಥವಾ ಐದನೆಯ ಒಂದು ಪಾಲಿನಷ್ಟಾಗುವ ಫೋಮು, ಬಟ್ಟೆ, ರಬ್ಬರು, ಪ್ಲಾಸ್ಟಿಕ್ಕು ಮತ್ತು ಎಣ್ಣೆಯ ಈ ಮಿಶ್ರಣಕ್ಕೆ ಬೆಲೆಯಿರಲಿಲ್ಲ. ಬೆಲೆಯಿಲ್ಲದ ವಸ್ತುವಿಗೆ ಒಡೆಯನೂ ಇರಲಿಲ್ಲ. ಇದರ ಪರಿಣಾಮವನ್ನು ಜಪಾನಿನ ಕಗಾವಾ ಪ್ರಾಂತದ ತೆಶಿಮಾ ದ್ವೀಪವು ಅನುಭವಿಸಿತು: 1990ರಲ್ಲಿ ಪೊಲೀಸರು ತಡೆಯುವವರೆಗೂ ಅಲ್ಲಿ ಅಕ್ರಮವಾಗಿ ಸುರಿಯಲ್ಪಟ್ಟ ಕಸವು, ಬೆರೆತ ಮಣ್ಣೂ ಸೇರಿ, ಸುಮಾರು 9 ಲಕ್ಷ ಟನ್ನುಗಳಷ್ಟಾಯಿತು, ಮತ್ತು ಅದರಲ್ಲಿ ಶ್ರೆಡರಿನ ತ್ಯಾಜ್ಯವೇ ಪ್ರಧಾನವಾಗಿತ್ತು. ದ್ವೀಪವಾಸಿಗಳ ದೀರ್ಘ ಹೋರಾಟವು 2000ದಲ್ಲಿ ಒಪ್ಪಂದವಾಗಿ ಪರಿಣಮಿಸಿದ ಮೇಲೆ, ಆ ರಾಶಿಯನ್ನು ನೆರೆಯ ನಾವೊಶಿಮಾ ದ್ವೀಪಕ್ಕೆ ಸಾಗಿಸಿ ಸಂಸ್ಕರಿಸಲು ವರ್ಷಗಳೇ ಹಿಡಿದವು.

ಹೀಗೆ ಬೆಲೆಯು ಮಾಡಲಾಗದುದನ್ನು ಶಾಸನವು ಮಾಡಬೇಕಾಯಿತು. ಯುರೋಪಿನ ಒಕ್ಕೂಟವು 2000ದಲ್ಲಿ ಹೊರಡಿಸಿದ ನಿರ್ದೇಶನವು, ಆಯುಷ್ಯ ಮುಗಿದ ವಾಹನದ ತೂಕದಲ್ಲಿ 2006ರಿಂದ ನೂರಕ್ಕೆ 85 ಪಾಲನ್ನೂ 2015ರಿಂದ 95 ಪಾಲನ್ನೂ ಮರುಬಳಕೆಗೆ ಅಥವಾ ಪುನಃಪ್ರಾಪ್ತಿಗೆ ತರಬೇಕೆಂದು ವಿಧಿಸಿ, ಸೀಸ, ಪಾದರಸ, ಕ್ಯಾಡ್ಮಿಯಂ ಮತ್ತು ಷಟ್ಸಂಯೋಜಕ ಕ್ರೋಮಿಯಂಗಳ ಬಳಕೆಯನ್ನು ಕೆಲವು ವಿನಾಯಿತಿಗಳೊಡನೆ ನಿಷೇಧಿಸಿತು. 2005ರಲ್ಲಿ ಜಾರಿಗೆ ಬಂದ ಜಪಾನಿನ ಶಾಸನವು, ಶ್ರೆಡರಿನ ತ್ಯಾಜ್ಯ, ಏರ್‌ಬ್ಯಾಗು, ಶೀತಕಾನಿಲ ಇವು ಮೂರರ ವಿಲೇವಾರಿಗೆ ತಗಲುವ ಶುಲ್ಕವನ್ನು ವಾಹನದ ಮಾಲೀಕನಿಂದ ಪಡೆದು, ಹೊಣೆಯನ್ನು ತಯಾರಕನಿಗೆ ವಹಿಸಿತು.

ಇಷ್ಟಾದರೂ ತೂಕದ ಲೆಕ್ಕವು ಗುಣದ ಲೆಕ್ಕವಲ್ಲ. ವಾಹನದ ತಂತಿಗಳ ತಾಮ್ರವು ಚೂರುಗಳೊಡನೆ ಕುಲುಮೆಯನ್ನು ಸೇರಿದರೆ ಅದನ್ನು ಉಕ್ಕಿನಿಂದ ಬೇರ್ಪಡಿಸುವ ಸುಲಭೋಪಾಯವಿಲ್ಲ. ಅಂತಹ ಉಕ್ಕು ಕಟ್ಟಡದ ಸರಳಾಗಬಲ್ಲುದೇ ವಿನಾ ಮತ್ತೆ ಕಾರಿನ ನಯವಾದ ತಗಡಾಗುವುದು ದುಸ್ತರ. ಈ ಅಂಶದ ಬೆಳಕಿನಲ್ಲಿ ನೋಡಿದರೆ, ವಾಲ್ಟರ್ ಸ್ಟಾಹೆಲ್ ಮತ್ತು ಜೆನೆವೀವ್ ರೆಡೆ ಎಂಬವರು 1976ರಲ್ಲಿ ಯುರೋಪಿಯನ್ ಆಯೋಗಕ್ಕೆ ಸಲ್ಲಿಸಿದ ವರದಿಯ ಮಹತ್ತ್ವವು ಅರಿವಾಗುತ್ತದೆ. ಫ್ರಾನ್ಸಿನ ವಾಹನ ಮತ್ತು ಕಟ್ಟಡ ಉದ್ಯಮಗಳನ್ನು ಪರೀಕ್ಷಿಸಿದ ಅವರು, ಶಕ್ತಿಯ ಸುಮಾರು ಮುಕ್ಕಾಲು ಪಾಲು ಮೂಲದ್ರವ್ಯಗಳ ತಯಾರಿಕೆಯಲ್ಲಿ ವ್ಯಯವಾಗುವುದೆಂದೂ, ಶ್ರಮದ ಮುಕ್ಕಾಲು ಪಾಲು ಅವುಗಳಿಂದ ಪದಾರ್ಥಗಳನ್ನು ನಿರ್ಮಿಸುವಲ್ಲಿ ವಿನಿಯೋಗವಾಗುವುದೆಂದೂ ತೋರಿಸಿ, ವಸ್ತುವಿನ ಆಯುಷ್ಯವನ್ನು ವೃದ್ಧಿಗೊಳಿಸಿದರೆ ಶಕ್ತಿಯು ಉಳಿದು ಉದ್ಯೋಗವು ಹೆಚ್ಚುವುದೆಂದು ವಾದಿಸಿದ್ದರು. ರೆನೊ ಸಂಸ್ಥೆಯು ತನ್ನ ಫ್ಲ್ಯಾಂ ಕಾರ್ಖಾನೆಯನ್ನು ಹೊಸ ಕಾರುಗಳ ತಯಾರಿಕೆಯಿಂದ ಬಿಡಿಸಿ ಇಂತಹ ಪುನರ್ನಿರ್ಮಾಣಕ್ಕೆ ಮೀಸಲಿಡುವುದಾಗಿ 2020ರಲ್ಲಿ ಘೋಷಿಸಿದುದು ಆ ವಾದದ ತಡವಾದ ಅಂಗೀಕಾರವೇ ಸರಿ.

ವಿದ್ಯುತ್ ವಾಹನಗಳ ಆಗಮನದಿಂದ ಪ್ರಶ್ನೆಯು ನೇರವಾಗಿ ನಕಾಶೆಯನ್ನೇ ತಲುಪಿದೆ. 2023ರ ಯುರೋಪಿನ ಬ್ಯಾಟರಿ ನಿಯಮವು, 2031ರಿಂದ ವಾಹನದ ಹೊಸ ಬ್ಯಾಟರಿಗಳಲ್ಲಿನ ಕೋಬಾಲ್ಟಿನಲ್ಲಿ ನೂರಕ್ಕೆ 16, ಲಿಥಿಯಂ ಮತ್ತು ನಿಕಲ್‌ಗಳಲ್ಲಿ ತಲಾ 6 ಪಾಲಾದರೂ ಮರುಪಡೆದುದಾಗಿರಬೇಕೆಂದು ಕಡ್ಡಾಯಗೊಳಿಸುತ್ತದೆ.

ಭಾರತದ ಸ್ಥಿತಿಯು ಇದಕ್ಕೆ ವಿಲೋಮ. ದೆಹಲಿಯ ಮಾಯಾಪುರಿ, ಚೆನ್ನೈನ ಪುದುಪೇಟೆ, ನಮ್ಮ ಬೆಂಗಳೂರಿನ ಶಿವಾಜಿನಗರಗಳ ಗುಜರಿ ಅಂಗಡಿಗಳಲ್ಲಿ ಗೇರ್‌ಬಾಕ್ಸು, ಡೈನಮೋ, ಬಾಗಿಲು, ದೀಪಗಳನ್ನು ಒಂದೊಂದಾಗಿ ಬಿಚ್ಚಿ ಮಾರುವ ಕಸಬು ಯಾವ ಶಾಸನವೂ ಹುಟ್ಟುವ ಮುನ್ನವೇ ಬೇರೂರಿತ್ತು. ಎಂಜಿನ್ನಿಗೆ ರೀಬೋರು, ಟೈರಿಗೆ ರೀಟ್ರೆಡ್ಡು ಮಾಡಿಸದ ಲಾರಿ ಮಾಲೀಕರು ವಿರಳ. ಆದರೆ ಅಲ್ಲಿ ಎಣ್ಣೆಯು ನೆಲಕ್ಕೂ ಶೀತಕಾನಿಲವು ಗಾಳಿಗೂ ಸೇರುತ್ತದೆ, ಮತ್ತು ಕೆಲಸಗಾರನಿಗೆ ಸಮರ್ಪಕ ರಕ್ಷಣೆಯಿಲ್ಲ. 2021ರ ಗುಜರಿ ನೀತಿಯು ನೋಂದಾಯಿತ ಕೇಂದ್ರಗಳಿಗೆ ದಾರಿ ಮಾಡಿತು; 2025ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳು, ಹಿಂದೆ ಮಾರಾಟವಾದ ವಾಹನಗಳ ಉಕ್ಕಿನಲ್ಲಿ ಮೊದಲು ನೂರಕ್ಕೆ 8, ಕ್ರಮೇಣ 18 ಪಾಲಿನ ಮರುಪಡೆಯುವಿಕೆಗೆ ತಯಾರಕರನ್ನು ಬಾಧ್ಯರನ್ನಾಗಿಸಿವೆ.

ಈ ನಿಯಮಗಳೂ ಉಕ್ಕಿನ ತೂಕವನ್ನೇ ಅಳೆಯುತ್ತವೆ. ಬಿಡಿಭಾಗದ ಆಯುಷ್ಯವನ್ನು ಇಮ್ಮಡಿಸುವ ಕುಶಲಿಯನ್ನು ಹೊರಗಿಟ್ಟು, ಅದನ್ನು ಕರಗಿಸುವ ಕುಲುಮೆಯನ್ನು ಮಾತ್ರ ಪುರಸ್ಕರಿಸುವ ವ್ಯವಸ್ಥೆಯು ಫೋರ್ಡನ ಮೆಟ್ಟಿಲಿನಲ್ಲಿಯೇ ನಿಲ್ಲುತ್ತದೆ. ಶಿವಾಜಿನಗರದ ಕಸಬುದಾರನಿಗೆ ಸುರಕ್ಷಿತವಾದ ಸ್ಥಳ, ತರಬೇತಿ ಮತ್ತು ಪರವಾನಗಿಗಳನ್ನು ಒದಗಿಸಿ, ಅವನು ಸುಲಭವಾಗಿ ಬಿಚ್ಚಬಲ್ಲ ವಾಹನವನ್ನು ರಚಿಸುವಂತೆ ತಯಾರಕನನ್ನು ನಿರ್ಬಂಧಿಸುವುದೇ ನಮ್ಮ ಶಾಸಕರು ಇನ್ನು ಮಾಡಬೇಕಾದ ಕಾರ್ಯ.