ಗಾಯವನ್ನು ಕಂಡವರು ಯಾರಿಗೆ ತಿಳಿಸಬೇಕು?

ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಬರುವ ಸಮಾರಿಯದವನ ಸಾಮತಿಯನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದಿದ್ದವನ ಗಾಯಗಳಿಗೆ ಆತ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದ. ಛತ್ರಕ್ಕೆ ಕರೆದೊಯ್ದು ಉಪಚರಿಸಿದ. ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯಗಳನ್ನಿತ್ತು ಮುಂದಿನ ಹೊಣೆಯನ್ನೂ ಒಪ್ಪಿಸಿದ. ಹೊಡೆದವರು ಯಾರು, ಅವರನ್ನು ಅಧಿಕಾರಿಗಳಿಗೆ ಹಿಡಿದುಕೊಡಬೇಕೇ ಎಂಬ ಪ್ರಶ್ನೆ ಆ ಸಾಮತಿಯಲ್ಲಿ ಬರುವುದಿಲ್ಲ. ಹೊಡೆದವರು ದಾರಿಹೋಕ ಕಳ್ಳರಾಗಿದ್ದರು. ಗಾಯಾಳು ಗುಣಮುಖನಾದ ಮೇಲೆ ಅವರ ಬಳಿಗೆ ಮರಳಬೇಕಾಗಿರಲಿಲ್ಲ. ಆದರೆ ಹೊಡೆದವನು ಮನೆಯೊಳಗಿನವನೇ ಆಗಿದ್ದರೆ? ಗಾಯ ಕಟ್ಟಿಸಿಕೊಂಡವಳು ಸಂಜೆಗೆ ಅದೇ ಮನೆಗೆ ಹಿಂದಿರುಗಬೇಕಾಗಿದ್ದರೆ? ಆಗ ಗಾಯ ಕಟ್ಟಿದವರ ಕರ್ತವ್ಯ ಯಾವುದು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಸೇವೆ ಸಲ್ಲಿಸುವ ವೈದ್ಯರಿಗೂ ದಾದಿಯರಿಗೂ ಇದು ಪುಸ್ತಕದ ಪ್ರಶ್ನೆಯಲ್ಲ. 'ಅಂಗಳದ ಪಾಚಿಯಲ್ಲಿ ಜಾರಿ ಬಿದ್ದೆ', 'ತೋಟದ ಸಂಕ ದಾಟುವಾಗ ಕಾಲು ತಪ್ಪಿತು' ಎಂಬ ಮಾತು ನಮ್ಮ ಮಳೆನಾಡಿನಲ್ಲಿ ಹೆಚ್ಚಿನ ಸಲ ನಿಜವೇ ಆಗಿರುತ್ತದೆ. ಆದರೆ ತೋಳಿನ ಮೇಲೆ ಬೆರಳಚ್ಚಿನಂತೆ ಮೂಡಿದ ಕಂದು ಪಾಚಿಯಿಂದ ಆದದ್ದಲ್ಲವೆಂಬುದು ಅನುಭವಿ ದಾದಿಗೆ ತಿಳಿಯದೆ ಇರುವುದಿಲ್ಲ. ಆಕೆ ತನಗೆ ತಿಳಿದುದನ್ನು ಪೊಲೀಸರಿಗೆ ಹೇಳಲೇಬೇಕೆಂದು ಕಾನೂನು ವಿಧಿಸಬೇಕೇ? ಲೋಕದ ಹಲವೆಡೆ ಚರ್ಚೆಯಲ್ಲಿರುವ ಈ ಪ್ರಶ್ನೆಗೆ ನಮ್ಮ ದೇಶ ಯಾವ ದಾರಿಯಲ್ಲಿ ನಡೆದು ಉತ್ತರ ಕಂಡುಕೊಂಡಿತೆಂಬುದನ್ನು ಅರಿಯುವುದು ನಮ್ಮ ಕುಟುಂಬಗಳಿಗೆ ಉಪಯುಕ್ತವಾದೀತು.

ಹಳೆಯ ಕಾನೂನಿನ ಮೌನ

1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ನಮ್ಮ ಜಿಲ್ಲೆ ಕಂಪೆನಿ ಸರಕಾರದ ಅಧೀನಕ್ಕೆ ಬಂತು. 1860ರಲ್ಲಿ ಭಾರತೀಯ ದಂಡ ಸಂಹಿತೆ ರೂಪುಗೊಂಡಿತು. ಅಪರಾಧದ ಸುಳಿವು ಸಿಕ್ಕಿದ ಪ್ರಜೆ ಅದನ್ನು ಸರಕಾರಕ್ಕೆ ತಿಳಿಸಬೇಕೆಂಬ ವಿಧಿ 1898ರ ದಂಡ ಪ್ರಕ್ರಿಯಾ ಸಂಹಿತೆಯ 44ನೇ ಕಲಮಿನಲ್ಲಿತ್ತು. ಅದೇ ಮುಂದೆ 1973ರ ಸಂಹಿತೆಯಲ್ಲಿ 39ನೇ ಕಲಮಾಯಿತು. ಯಾವ ಯಾವ ಅಪರಾಧಗಳನ್ನು ತಿಳಿಸಬೇಕೆಂಬುದಕ್ಕೆ ಅಲ್ಲೊಂದು ಪಟ್ಟಿಯಿದೆ. ರಾಜದ್ರೋಹದಂತಹ ಸರಕಾರದ ವಿರುದ್ಧದ ಅಪರಾಧಗಳು, ಕೊಲೆ, ದರೋಡೆ, ಖೋಟಾ ನೋಟು ಇವೆಲ್ಲ ಆ ಪಟ್ಟಿಯಲ್ಲಿವೆ. ಪತ್ನಿಯನ್ನು ಹೊಡೆದು ಕೈ ಮುರಿಯುವುದು ಅದರಲ್ಲಿಲ್ಲ. ಖೋಟಾ ನೋಟನ್ನು ಕಂಡವನು ಮೌನವಾಗಿದ್ದರೆ ತಪ್ಪಿತಸ್ಥ. ಮನೆಯೊಳಗಿನ ಮೂಳೆಮುರಿತವನ್ನು ಕಂಡವನು ಮೌನವಾಗಿದ್ದರೆ ಅಲ್ಲ. ಪಟ್ಟಿಯನ್ನು ಮಾಡಿದವರ ಕಣ್ಣು ಸರಕಾರದ ಶಾಂತಿಯ ಮೇಲೂ ಖಜಾನೆಯ ಮೇಲೂ ಇತ್ತೇ ಹೊರತು ಹೊಸ್ತಿಲೊಳಗಿನ ನೋವಿನ ಮೇಲಿರಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಮೂ ಬಹುಮಟ್ಟಿಗೆ ಇದೇ ಜಾಡಿನಲ್ಲಿದೆ.

ಕಾನೂನಿನ ಪಟ್ಟಿ ಚಿಕ್ಕದಾದರೂ ಆಸ್ಪತ್ರೆಗಳ ರೂಢಿ ದೊಡ್ಡದಾಗಿ ಬೆಳೆಯಿತು. ಹೊಡೆತ, ಸುಟ್ಟಗಾಯ, ವಿಷಸೇವನೆ ಮುಂತಾದವುಗಳನ್ನು ಎಂ.ಎಲ್.ಸಿ., ಅಂದರೆ ವೈದ್ಯಕೀಯ-ಕಾನೂನು ಪ್ರಕರಣವೆಂದು ದಾಖಲಿಸಿ ಠಾಣೆಗೆ ಸೂಚನೆ ಕಳುಹಿಸುವ ಪದ್ಧತಿ ನೆಲೆಯೂರಿತು. ಇದರಿಂದ ಒಂದು ಅನರ್ಥವೂ ಆಯಿತು. 'ಪೊಲೀಸ್ ಕೇಸು' ಎಂಬ ಭಯದಿಂದ ಗಾಯಾಳುಗಳನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಟ್ಟುವುದು ಸಾಮಾನ್ಯವಾಯಿತು. ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮೊದಲು ಜೀವ ಉಳಿಸಬೇಕು, ಕಾನೂನಿನ ವಿಧಿವಿಧಾನಗಳು ಅನಂತರ ಎಂದು ಸ್ಪಷ್ಟಪಡಿಸಿತು. ಸಮಾರಿಯದವನು ಅನುಸರಿಸಿದ ಕ್ರಮವೂ ಅದೇ.

'ಸ್ಟೌವ್ ಸಿಡಿತ'ದ ದಶಕಗಳು

ಮನೆಯೊಳಗಿನ ಕ್ರೌರ್ಯಕ್ಕೆ ದಂಡ ಸಂಹಿತೆಯಲ್ಲಿ ಪ್ರತ್ಯೇಕ ಹೆಸರು ಸಿಕ್ಕಿದ್ದು 1983ರಲ್ಲಿ, 498-ಎ ಕಲಮಿನ ಮೂಲಕ. ಮದುವೆಯಾದ ಏಳು ವರ್ಷಗಳೊಳಗೆ ಸಂಭವಿಸುವ ಸ್ತ್ರೀಯರ ಸಂಶಯಾಸ್ಪದ ಸಾವುಗಳ ವಿಚಾರಣೆಗೆ ವಿಶೇಷ ನಿಯಮಗಳು ಅದೇ ವರ್ಷ ಬಂದವು. 1986ರಲ್ಲಿ ವರದಕ್ಷಿಣೆ ಸಾವಿನ ಕಲಮು ಸೇರಿತು. ವರದಕ್ಷಿಣೆಯನ್ನು 'ದೋತ್' ಎಂಬ ಹೆಸರಿನಿಂದ ಕೊಂಕಣಿ ಮನೆಗಳಲ್ಲಿ ಕೊಟ್ಟು ತೆಗೆದುಕೊಂಡ ನಾವು ಈ ಚರಿತ್ರೆಯ ಹೊರಗಿನವರಲ್ಲ.

ಆದರೆ ಕಾನೂನು ಬಂದ ಮೇಲೂ ಸತ್ಯ ಆಸ್ಪತ್ರೆಯ ದಾಖಲೆಗೆ ಸುಲಭವಾಗಿ ಬರಲಿಲ್ಲ. ಬೆಂಗಳೂರಿನಲ್ಲಿ 1979ರಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯ ಕಾರ್ಯಕರ್ತೆಯರು 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗಿ ಸಾಯುತ್ತಿದ್ದ ಯುವತಿಯರ ಮಾತನ್ನು ಕೇಳತೊಡಗಿದರು. 'ಸ್ಟೌವ್ ಸಿಡಿಯಿತು', 'ಅಡುಗೆ ಮನೆಯ ಅಪಘಾತ' ಎಂದು ಕಡತಗಳು ಮುಚ್ಚಿಹೋಗುತ್ತಿದ್ದ ಸಾವುಗಳ ಹಿಂದೆ ಬೇರೆ ಕಥೆಗಳಿದ್ದವೆಂಬುದನ್ನು ಅವರು ನಾಡಿನ ಮುಂದಿಟ್ಟರು. ಅದು ಎತ್ತುವ ಪ್ರಶ್ನೆ ಇಂದಿಗೂ ನಮ್ಮನ್ನು ಕಾಡಬೇಕಾದುದು. ಬೆಂಕಿಯ ದಿನಕ್ಕೆ ಮುಂಚೆ ಅಂತಹ ಹೆಣ್ಣುಮಗಳು ಊದಿದ ಕೆನ್ನೆಯೊಂದಿಗೋ ಉಳುಕಿದ ಮಣಿಕಟ್ಟಿನೊಂದಿಗೋ ಯಾವುದಾದರೊಂದು ದವಾಖಾನೆಯ ಬಾಗಿಲಿಗೆ ಬಂದಿರಲಾರಳೇ? ಅಲ್ಲಿ ಯಾರಾದರೂ ಕೇಳಿದ್ದರೆ, ಬರೆದಿಟ್ಟಿದ್ದರೆ?

ವೈದ್ಯರು ಪೊಲೀಸರಿಗೆ ತಿಳಿಸುವುದನ್ನು ಕಡ್ಡಾಯಗೊಳಿಸಬೇಕೆನ್ನುವವರ ವಾದ ಇಲ್ಲಿಂದಲೇ ಬಲ ಪಡೆಯುತ್ತದೆ. 'ನಾನು ದೂರು ಕೊಡಲಿಲ್ಲ, ಡಾಕ್ಟರೇ ಬರೆದರು' ಎನ್ನಲು ಆಕೆಗೆ ಅವಕಾಶವಾಗುತ್ತದೆ. ದೂರಿನ ಭಾರ ಆಕೆಯ ತಲೆಯಿಂದ ಇಳಿಯುತ್ತದೆ ಎಂಬುದು ಅವರ ಮಾತು. ಆದರೆ 498-ಎ ಕಲಮಿನಲ್ಲೇ ಒಂದು ವಿಶೇಷವಿದೆ. ನೊಂದವಳು ಅಥವಾ ಆಕೆಯ ಬಂಧುಗಳು ಮಾಹಿತಿ ಕೊಟ್ಟಾಗ, ಬಂಧುಗಳಿಲ್ಲದಿದ್ದರೆ ಸರಕಾರ ಗೊತ್ತುಪಡಿಸಿದ ಅಧಿಕಾರಿ ಕೊಟ್ಟಾಗ ಮಾತ್ರ ಅದು ಪೊಲೀಸರು ನೇರವಾಗಿ ಕೈಗೆತ್ತಿಕೊಳ್ಳಬಹುದಾದ ಅಪರಾಧವಾಗುತ್ತದೆ. ಈಗ ಅದರ ಸ್ಥಾನದಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿಗೂ ಇದೇ ಕ್ರಮ ಅನ್ವಯಿಸುತ್ತದೆ. ಅಂದರೆ ವೈದ್ಯರ ಚೀಟಿಯೊಂದೇ ಸಾಲದು. ಕೊನೆಗೂ ಆಕೆಯೋ ಆಕೆಯ ತವರಿನವರೋ ಬಾಯಿ ತೆರೆಯಲೇಬೇಕು.

2005ರ ತಿರುವು

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005, ಪ್ರಶ್ನೆಯನ್ನೇ ಬದಲಿಸಿತು. ಹಳೆಯ ಕಾನೂನು 'ಸರಕಾರಕ್ಕೆ ಅಪರಾಧ ತಿಳಿಯಿತೇ?' ಎಂದು ಕೇಳುತ್ತಿತ್ತು. ಹೊಸದು 'ಆಕೆಗೆ ನೆರವು ದೊರೆಯಿತೇ?' ಎಂದು ಕೇಳಿತು. ದೈಹಿಕ ಹಲ್ಲೆ ಮಾತ್ರವಲ್ಲದೆ ಲೈಂಗಿಕ, ಮಾತಿನ, ಮಾನಸಿಕ ಮತ್ತು ಆರ್ಥಿಕ ಪೀಡನೆಯನ್ನೂ ಅದು ಹಿಂಸೆಯೆಂದು ಗುರುತಿಸಿತು. ಬೀಡಿ ಕಟ್ಟಿದ ಮಜೂರಿಯನ್ನು ಪ್ರತಿವಾರ ಕಸಿದುಕೊಳ್ಳುವುದೂ ಹಿಂಸೆಯೇ.

ಈ ಕಾಯ್ದೆಯ 7ನೇ ಕಲಮಿನ ಪ್ರಕಾರ ನೊಂದ ಸ್ತ್ರೀ ಕೇಳಿಕೊಂಡರೆ ಆಸ್ಪತ್ರೆ ಚಿಕಿತ್ಸೆ ನೀಡಲೇಬೇಕು. 2006ರ ನಿಯಮಗಳ 17ನೇ ನಿಯಮ ಇನ್ನೂ ಮುಂದೆ ಹೋಗುತ್ತದೆ. ಮೊದಲೇ ವರದಿ ದಾಖಲಾಗಿಲ್ಲವೆಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ; ವರದಿ ಆಗಿಲ್ಲದಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ಒಂದನೇ ನಮೂನೆಯ ಕೌಟುಂಬಿಕ ಘಟನಾ ವರದಿಯನ್ನು ತುಂಬಿ ಸಂರಕ್ಷಣಾಧಿಕಾರಿಗೆ ಕಳುಹಿಸಬೇಕು; ವೈದ್ಯಕೀಯ ತಪಾಸಣೆಯ ವರದಿಯ ಪ್ರತಿಯನ್ನು ಆಕೆಗೆ ಉಚಿತವಾಗಿ ಕೊಡಬೇಕು. ಇಲ್ಲಿ ಗಮನಿಸಬೇಕಾದುದು, ವರದಿ ಹೋಗುವುದು ಠಾಣೆಗಲ್ಲ, ಸಂರಕ್ಷಣಾಧಿಕಾರಿಗೆ. ನಮ್ಮ ರಾಜ್ಯದಲ್ಲಿ ಈ ಹೊಣೆಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ವಹಿಸಲಾಗಿದೆ. ಅಂಗನವಾಡಿಗಳನ್ನು ನೋಡಿಕೊಳ್ಳುವ ಅಧಿಕಾರಿಯೇ ಅವರು. ಚಾರ್ಮಾಡಿಯ ಬುಡದ ಹಳ್ಳಿಯವಳಿಗೂ ಅಂಗನವಾಡಿ ಟೀಚರ್ ಪರಿಚಿತಳೇ. ಠಾಣೆಯ ಮೆಟ್ಟಿಲು ಹತ್ತಲು ಅಳುಕುವವಳು ಆ ಬಾಗಿಲನ್ನು ತಟ್ಟಬಹುದು. ಅಲ್ಲಿಂದ ಮುಂದೆ ಮ್ಯಾಜಿಸ್ಟ್ರೇಟರ ನ್ಯಾಯಾಲಯ. ಅದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರರಲ್ಲಿಯೂ ಇದೆ. ರಕ್ಷಣೆಯ ಆದೇಶ, ಆ ಮನೆಯಲ್ಲೇ ವಾಸಿಸುವ ಹಕ್ಕು, ಜೀವನಾಂಶ ಇವನ್ನು ಆಕೆ ಅಲ್ಲಿ ಬೇಡಬಹುದು. ಬಯಸಿದರೆ ಪೊಲೀಸ್ ದೂರನ್ನೂ ಕೊಡಬಹುದು. ಆ ಹಕ್ಕು ಆಕೆಗಿದೆಯೆಂದು ತಿಳಿಸುವುದು ಅಧಿಕಾರಿಗಳ ಕರ್ತವ್ಯ. ನೆರೆಹೊರೆಯವರೂ ಸದುದ್ದೇಶದಿಂದ ಸಂರಕ್ಷಣಾಧಿಕಾರಿಗೆ ಮಾಹಿತಿ ನೀಡಬಹುದು. ಹಾಗೆ ನೀಡಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲವೆಂದು 4ನೇ ಕಲಮು ಹೇಳುತ್ತದೆ.

ಎಲ್ಲ ಗಾಯಗಳಿಗೂ ಇದೇ ನಿಯಮವೆಂದಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಅತ್ಯಾಚಾರ ಮತ್ತು ಆಸಿಡ್ ದಾಳಿಯ ಪ್ರಕರಣಗಳಲ್ಲಿ ಉಚಿತ ಚಿಕಿತ್ಸೆ ನೀಡುವುದರ ಜೊತೆಗೆ ಪೊಲೀಸರಿಗೆ ತಕ್ಷಣ ತಿಳಿಸುವುದೂ 2013ರ ತಿದ್ದುಪಡಿಯಿಂದ ಸರಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡಕ್ಕೂ ಕಡ್ಡಾಯವಾಯಿತು.

ಲೋಕದ ಅನುಭವ

ಅಮೆರಿಕದಲ್ಲಿ 1962ರಲ್ಲಿ ಡಾ. ಹೆನ್ರಿ ಕೆಂಪ್ ಮತ್ತು ಸಂಗಡಿಗರು ಮನೆಯವರಿಂದಲೇ ಹೊಡೆತ ತಿಂದ ಮಕ್ಕಳ ಕುರಿತು ಬರೆದ ಲೇಖನ ಆ ದೇಶವನ್ನು ಬೆಚ್ಚಿಬೀಳಿಸಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಎಲ್ಲ ರಾಜ್ಯಗಳೂ ಮಕ್ಕಳ ವಿಷಯದಲ್ಲಿ ವರದಿಯನ್ನು ಕಡ್ಡಾಯಗೊಳಿಸಿದವು. ಅದೇ ನ್ಯಾಯವನ್ನು ವಯಸ್ಕ ಸ್ತ್ರೀಯರಿಗೂ ಅನ್ವಯಿಸಿ ಕ್ಯಾಲಿಫೋರ್ನಿಯ ರಾಜ್ಯವು 1994ರಿಂದ ಗೃಹಹಿಂಸೆಯ ಗಾಯಗಳನ್ನೂ ವೈದ್ಯರು ಪೊಲೀಸರಿಗೆ ತಿಳಿಸಬೇಕೆಂದು ವಿಧಿಸಿತು. ಅಲ್ಲಿ ಎದ್ದ ಆಕ್ಷೇಪ ನಮ್ಮೂರಿಗೂ ಸಲ್ಲುವಂತಹುದು. ಬಾಯಿಬಿಟ್ಟರೆ ಪೊಲೀಸರು ಬರುತ್ತಾರೆಂದು ಗೊತ್ತಾದರೆ ಆಕೆ ಬಾಯಿ ಬಿಡುವುದಿಲ್ಲ. ಕೆಲವೊಮ್ಮೆ ಆಸ್ಪತ್ರೆಗೇ ಬರುವುದಿಲ್ಲ. ಪೊಲೀಸರು ಬಂದು ಹೋದ ರಾತ್ರಿ ಮನೆಯೊಳಗೆ ಏನಾಗುವುದೆಂದು ಆಕೆಗಷ್ಟೇ ಗೊತ್ತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಮಾರ್ಗಸೂಚಿಯಲ್ಲಿ ಸಂಗಾತಿಯ ಹಿಂಸೆಯನ್ನು ಪೊಲೀಸರಿಗೆ ಕಡ್ಡಾಯವಾಗಿ ವರದಿ ಮಾಡುವುದನ್ನು ಶಿಫಾರಸು ಮಾಡಲಿಲ್ಲ. ಆಕೆ ಬಯಸಿದರೆ ವರದಿ ಮಾಡಲು ವೈದ್ಯರು ಸಿದ್ಧರಿರಬೇಕೆಂದು ಸೂಚಿಸಿತು. ಮಗು ತನಗಾಗಿ ನಿರ್ಧರಿಸಲಾರದು. ವಯಸ್ಕ ಸ್ತ್ರೀಗೆ ತನ್ನದೇ ವಿವೇಕವಿದೆ, ಮನಸ್ಸಾಕ್ಷಿಯಿದೆ. ಆಕೆಯನ್ನು ಮಗುವಿನಂತೆ ಕಾಣುವುದು ಗೌರವವಲ್ಲ.

ಇಲ್ಲಿ ಗುರುಗಳಾದ ನಮಗೆ ಒಂದು ಹೋಲಿಕೆ ಸಹಜವಾಗಿ ತೋರುತ್ತದೆ. ಪಾಪನಿವೇದನೆಯ ಗುಟ್ಟು ಯಾವ ಕಾರಣಕ್ಕೂ ಬಯಲಾಗಬಾರದು. ವೈದ್ಯರ ಗುಟ್ಟು ಅಷ್ಟು ಸಂಪೂರ್ಣವಾದುದಲ್ಲ. ವ್ಯಕ್ತಿಯೊಬ್ಬರಿಗೆ ಗಂಭೀರ ಅಪಾಯವಿರುವಾಗ ಅದನ್ನು ಮೀರಲು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯೂ ಎಡೆಗೊಟ್ಟಿತು. ಕೊಲ್ಲುವ ಬೆದರಿಕೆ, ಕತ್ತು ಹಿಸುಕಿದ ಗುರುತು, ಕತ್ತಿಯೇಟು, ಸುಟ್ಟಗಾಯ ಇವು ಕಂಡಾಗ ವೈದ್ಯರು ಸುಮ್ಮನಿರಲಾಗದು. ಉಳಿದ ಸಂದರ್ಭಗಳಲ್ಲಿ ಚಿಕಿತ್ಸೆ, ಸತ್ಯವಾದ ದಾಖಲೆ ಮತ್ತು ಹಕ್ಕುಗಳ ತಿಳಿವಳಿಕೆ ಕಡ್ಡಾಯವಿರಲಿ. ಠಾಣೆಗೆ ಹೋಗುವ ನಿರ್ಧಾರ ಆಕೆಯದಿರಲಿ. ನಮ್ಮ ಕಾನೂನು ನಡೆದುಬಂದ ದಾರಿ ಇದೇ, ಮತ್ತು ಅದು ಸರಿಯಾದ ದಾರಿಯೆಂದು ನನ್ನ ನಂಬಿಕೆ.

ನಿರ್ಧಾರಕ್ಕೆ ನೆಲೆ ಬೇಕು

ಆದರೆ ನಿರ್ಧಾರವನ್ನು ಆಕೆಗೇ ಬಿಟ್ಟು ನಾವು ಕೈತೊಳೆದುಕೊಂಡರೆ ಅದು ಪಿಲಾತನ ಕೈತೊಳೆಯುವಿಕೆಯಾದೀತು. ಮೂಡುಬಿದಿರೆಯ ಪರಿಸರದಲ್ಲಿ ಆಳಿದ ಚೌಟ ಮನೆತನದ ರಾಣಿ ಅಬ್ಬಕ್ಕ ಪತಿಯಾದ ಬಂಗರಸನೊಡನೆ ವಿರಸವಾದಾಗ ಉಳ್ಳಾಲಕ್ಕೆ ಮರಳಿ ರಾಜ್ಯವಾಳಿದಳೆಂದು ಪ್ರತೀತಿಯಿದೆ. ಆಕೆಯ ಧೈರ್ಯವನ್ನು ನಾವು ಕೊಂಡಾಡುತ್ತೇವೆ. ಆದರೆ ಅಳಿಯಸಂತಾನದ ಕಟ್ಟಿನಲ್ಲಿ ಮರಳಲು ಆಕೆಗೆ ತನ್ನದೇ ಒಂದು ಮನೆಯಿತ್ತೆಂಬುದನ್ನು ಮರೆಯುತ್ತೇವೆ. ನಮ್ಮ ಹೆಣ್ಣುಮಕ್ಕಳಿಗೆ ಅಂತಹ ನೆಲೆಯಿದೆಯೇ? 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಎನ್ನುವ ತವರು, 'ಶಿಲುಬೆಯೆಂದು ಹೊತ್ತುಕೋ ಮಗಳೇ' ಎನ್ನುವ ಹಿರಿಯರು, 'ಹೊಂದಿಕೊಂಡು ಹೋಗಿ' ಎಂದು ಕಳುಹಿಸಿಬಿಡುವ ಗುರುಮನೆ ಇವುಗಳ ನಡುವೆ ಆಕೆಗೆ ದೊರೆಯುವ ಸ್ವಾತಂತ್ರ್ಯ ಎಂತಹುದು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ಶೇ. 44.4ರಷ್ಟು ಮಂದಿ ಪತಿಯಿಂದ ಹಿಂಸೆ ಅನುಭವಿಸಿದವರು. 2015–16ರಲ್ಲಿ ಈ ಪ್ರಮಾಣ ಶೇ. 20.6 ಇತ್ತು. ಹಿಂಸೆ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಎರಡೂ ಇರಬಹುದು. ದೇಶದಲ್ಲಿ ಹಿಂಸೆಗೊಳಗಾದವರ ಪೈಕಿ ಯಾರದಾದರೂ ನೆರವು ಕೇಳಿದವರು ಸುಮಾರು ಶೇ. 14 ಮಾತ್ರ.

ಧರ್ಮಸಭೆಯ ಬೋಧನೆಯಲ್ಲಿ ಮೌನಕ್ಕೆ ಆಶ್ರಯವಿಲ್ಲ. ಸಂಗಾತಿಗೋ ಮಕ್ಕಳಿಗೋ ದೇಹ ಅಥವಾ ಆತ್ಮದ ಗಂಭೀರ ಅಪಾಯ ತಂದೊಡ್ಡುವವನಿಂದ ಬೇರ್ಪಟ್ಟು ವಾಸಿಸಲು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1153ನೇ ನಿಯಮ ನ್ಯಾಯವಾದ ಕಾರಣವನ್ನು ಗುರುತಿಸುತ್ತದೆ; ತಡಮಾಡಿದರೆ ಅಪಾಯವೆನಿಸಿದಾಗ ಧರ್ಮಾಧ್ಯಕ್ಷರ ಅಪ್ಪಣೆಗೂ ಕಾಯಬೇಕಾಗಿಲ್ಲ. ಪೋಪ್ ಫ್ರಾನ್ಸಿಸರು 2016ರ 'ಅಮೋರಿಸ್ ಲೇತಿತ್ಸಿಯಾ' ಪತ್ರದಲ್ಲಿ, ದುರ್ಬಲರನ್ನೂ ಮಕ್ಕಳನ್ನೂ ಹಿಂಸೆಯಿಂದ ಕಾಪಾಡಲು ಬೇರ್ಪಡುವುದು ಕೆಲವೊಮ್ಮೆ ನೈತಿಕವಾಗಿ ಅಗತ್ಯವೂ ಆಗಬಹುದೆಂದು ಬೋಧಿಸಿದರು. ವಿವಾಹ ಸಂಸ್ಕಾರದ ಪಾವಿತ್ರ್ಯವನ್ನು ಹೊಡೆತ ತಾಳುವುದರಿಂದ ಅಳೆಯಲಾಗದು.

ನಮ್ಮ ಧರ್ಮಕೇಂದ್ರಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ತಾಲೂಕಿನ ಸಂರಕ್ಷಣಾಧಿಕಾರಿಯ ಕಚೇರಿಯ ವಿಳಾಸ, ಮಹಿಳಾ ಸಹಾಯವಾಣಿ 181 ಮತ್ತು ತುರ್ತು ಸಂಖ್ಯೆ 112 ಇವು ಚರ್ಚಿನ ಸೂಚನಾ ಫಲಕದಲ್ಲಿರಲಿ. ವಾಡೆಯ ಗುರಿಕಾರರೂ ಸ್ತ್ರೀ ಸಂಘಟನೆಯ ಸದಸ್ಯೆಯರೂ 17ನೇ ನಿಯಮವನ್ನು ಅರಿತಿರಲಿ. ವಿವಾಹ ಸಿದ್ಧತಾ ಶಿಬಿರದಲ್ಲಿ ಈ ಕಾಯ್ದೆಗೆ ಒಂದು ಗಂಟೆ ಮೀಸಲಿಡೋಣ, ವರಗಳೂ ಕೇಳುವಂತೆ. ನಮ್ಮವರೇ ಆದ ದಾದಿಯರು ರೋಗಿಯ ಜೊತೆ ಬಂದವರನ್ನು ಹೊರಗೆ ಕಳುಹಿಸಿ, ಆಕೆಯೊಬ್ಬಳೇ ಇರುವಾಗ ಮೆಲ್ಲನೆ ಒಂದು ಮಾತು ಕೇಳಲಿ. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ತೆರೆದ ಫಾದರ್ ಮುಲ್ಲರರ ಪರಂಪರೆಯ ನಾಡಿನಲ್ಲಿ ಅದು ಹೆಚ್ಚಿನ ಅಪೇಕ್ಷೆಯಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹೆತ್ತವರು ಮಗಳನ್ನು ಧಾರೆಯೆರೆದು ಕಳುಹಿಸುವ ದಿನವೇ, ಈ ಮನೆಯ ಬಾಗಿಲು ನಿನಗೆ ಎಂದೂ ಮುಚ್ಚದೆಂದು ಬಾಯಿಬಿಟ್ಟು ಹೇಳಲಿ.

ಸಮಾರಿಯದವನು ಗಾಯ ಕಟ್ಟಿದ್ದು ಒಂದು ದಿನದ ಕೆಲಸ. ಗಾಯಾಳು ಪೂರ್ತಿ ಚೇತರಿಸಿಕೊಳ್ಳುವವರೆಗೆ ಇರಿಸಿಕೊಂಡು ನೋಡಿಕೊಳ್ಳುವ ಹೊಣೆ ಛತ್ರದವನದಾಯಿತು. ಕಾನೂನು ತನ್ನ ಪಾಲಿನ ಎರಡು ನಾಣ್ಯಗಳನ್ನು ಕೊಟ್ಟಿದೆ. ಆ ಛತ್ರದ ಕೆಲಸ ಈಗ ನಮ್ಮ ಮನೆಗಳದು, ನಮ್ಮ ಧರ್ಮಕೇಂದ್ರಗಳದು. ಅದನ್ನು ನೆರವೇರಿಸುವ ಮನಸ್ಸನ್ನು ಪ್ರಭು ನಮಗೆ ಕರುಣಿಸಲಿ.